ಪರಿಮಳದ ಎಣ್ಣೆಗೂ ಒಂದು ಪರೀಕ್ಷೆ

ಹಲ್ಲುನೋವೆಂದು ಮಗು ನಡುರಾತ್ರಿ ಎದ್ದು ಕುಳಿತರೆ ಮನೆಯ ಹಿರಿಯರು ಹತ್ತಿಯ ಚೂರಿಗೆ ಒಂದು ತೊಟ್ಟು ಲವಂಗದ ಎಣ್ಣೆ ತಾಗಿಸಿ ಹುಳುಕು ಹಲ್ಲಿನ ಮೇಲಿಡುತ್ತಾರೆ. ನೆಗಡಿಯಾದರೆ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ. ಹೊಟ್ಟೆ ಉಬ್ಬರಿಸಿದರೆ ಓಮದ ನೀರು. ಬಹುಕಾಲದಿಂದ ನಡೆದು ಬಂದ ಈ ಉಪಚಾರಗಳಿಗೆ ಈಗ ಹೊಸದೊಂದು ಮಾತು ಸೇರಿಕೊಂಡಿದೆ: "ಈ ಎಣ್ಣೆ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆಂದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ."

ತಾಯಿಯೊಬ್ಬರು ಈ ಮಾತನ್ನೇ ಹಿಡಿದು ನನ್ನನ್ನು ಕೇಳಿದರು. ಅವರ ಏಳು ವರ್ಷದ ಮಗನಿಗೆ ಗಂಟಲಲ್ಲಿ ಸೋಂಕಾಗಿ ವೈದ್ಯರು ಆಂಟಿಬಯೋಟಿಕ್ ಬರೆದುಕೊಟ್ಟಿದ್ದರು. "ಆ ಔಷಧಿಯ ಬದಲು ನೀಲಗಿರಿ ಎಣ್ಣೆಯನ್ನೇ ಸಕ್ಕರೆಗೆ ಹಾಕಿ ಕೊಡಬಹುದಲ್ಲವೇ ಸಾರ್? ಅದೂ ಬ್ಯಾಕ್ಟೀರಿಯ ಕೊಲ್ಲುತ್ತದಂತೆ, ಮೇಲಾಗಿ ನೈಸರ್ಗಿಕ." ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಖಂಡಿತ ಕೂಡದು. ಆದರೆ ಬರಿಯ 'ಕೂಡದು' ಎಂಬುದು ವಿಜ್ಞಾನದ ಉತ್ತರವಲ್ಲ. ಯಾಕೆ ಕೂಡದು ಎಂದು ತಿಳಿಯಬೇಕಾದರೆ, ಪ್ರಯೋಗಾಲಯದಲ್ಲಿ ಆ ಎಣ್ಣೆಯನ್ನು ಹೇಗೆ ಪರೀಕ್ಷಿಸುತ್ತಾರೆ, ಆ ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನೋಡಬೇಕು.

ಎಣ್ಣೆಯಲ್ಲದ ಎಣ್ಣೆ

ಒಂದು ಬಿಳಿ ಕಾಗದದ ಮೇಲೆ ಒಂದು ತೊಟ್ಟು ಕಡಲೆಕಾಯಿ ಎಣ್ಣೆ ಹಾಕಿ. ಪಕ್ಕದಲ್ಲೇ ಒಂದು ತೊಟ್ಟು ನೀಲಗಿರಿ ಎಣ್ಣೆ ಹಾಕಿ. ಎರಡೂ ಕಡೆ ಕಾಗದ ಬೆಳಕು ಹಾಯುವಂತೆ ಮಬ್ಬಾಗುತ್ತದೆ. ಕಾಗದವನ್ನು ಗಾಳಿಗೆ ಒಡ್ಡಿ ಮರುದಿನ ನೋಡಿ. ಕಡಲೆಕಾಯಿ ಎಣ್ಣೆಯ ಜಿಡ್ಡು ಹಾಗೆಯೇ ಇರುತ್ತದೆ. ನೀಲಗಿರಿಯ ಕಲೆ ಹೆಚ್ಚುಕಡಿಮೆ ಮಾಯವಾಗಿರುತ್ತದೆ. ಎರಡಕ್ಕೂ ನಾವು ಎಣ್ಣೆ ಎಂದೇ ಹೆಸರಿಟ್ಟರೂ ಅವು ಬೇರೆ ಬೇರೆ ಕುಲಕ್ಕೆ ಸೇರಿದವು. ಕಡಲೆಕಾಯಿ ಎಣ್ಣೆ ಕೊಬ್ಬು. ನೀಲಗಿರಿ, ಲವಂಗ, ಮಜ್ಜಿಗೆ ಹುಲ್ಲು, ದಾಲ್ಚಿನ್ನಿ, ಶ್ರೀಗಂಧ ಇವುಗಳ ಎಣ್ಣೆ ಸುಲಭವಾಗಿ ಆವಿಯಾಗುವ ಹಲವು ರಾಸಾಯನಿಕಗಳ ಮಿಶ್ರಣ. ಆವಿಯಾಗಿ ಮೂಗಿಗೆ ತಲುಪುವುದರಿಂದಲೇ ಅವಕ್ಕೆ ಪರಿಮಳ. ಇವನ್ನು ಸುಗಂಧ ತೈಲಗಳೆಂದೂ ಸಾರಭೂತ ತೈಲಗಳೆಂದೂ ಕರೆಯುತ್ತಾರೆ.

ಗಿಡದ ಎಲೆ, ಮೊಗ್ಗು, ತೊಗಟೆ ಅಥವಾ ಚೇಗಿನ ಮೂಲಕ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದರೆ ನೀರು ಕೆಳಗೆ, ಎಣ್ಣೆ ಮೇಲೆ ನಿಲ್ಲುತ್ತದೆ. ಆದರೆ ಲವಂಗದ ಎಣ್ಣೆಯಂಥವು ನೀರಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತವೆ. ಭಟ್ಟಿ ಇಳಿಸುವ ಈ ವಿದ್ಯೆಗೂ ನಮ್ಮ ನಾಡಿಗೂ ಹಳೆಯ ನಂಟು. ಒಂದು ಕಾಲಕ್ಕೆ ಮೈಸೂರಿನ ಶ್ರೀಗಂಧದ ಕೊರಡು ಎಣ್ಣೆ ತೆಗೆಯಲೆಂದು ಜರ್ಮನಿಗೆ ಹಡಗೇರುತ್ತಿತ್ತು. ಮೊದಲ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ದಿನಗಳಲ್ಲಿ, 1916ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯತೊಡಗಿತು. ಎರಡು ವರ್ಷಗಳಲ್ಲಿ ಅದರ ಹಿಂದೆಯೇ ಗಂಧದ ಸಾಬೂನೂ ಬಂದಿತು.

ಗಿಡ ಈ ಎಣ್ಣೆಯನ್ನು ನಮಗಾಗಿ ಮಾಡಿಟ್ಟುಕೊಂಡಿಲ್ಲ. ಕೀಟಗಳನ್ನು ದೂರವಿಡಲು, ಬೂಷ್ಟನ್ನು ತಡೆಯಲು ಅದಕ್ಕೆ ಇದು ಒಂದು ಆಯುಧ. ಲವಂಗದ ಎಣ್ಣೆಯಲ್ಲಿ ಬಹುಪಾಲು ಯೂಜಿನಾಲ್ ಎಂಬ ರಾಸಾಯನಿಕವಿದೆ. ಓಮದಲ್ಲಿ ಥೈಮಾಲ್, ದಾಲ್ಚಿನ್ನಿಯ ತೊಗಟೆಯಲ್ಲಿ ಸಿನಮಾಲ್ಡಿಹೈಡ್, ಮಜ್ಜಿಗೆ ಹುಲ್ಲಿನಲ್ಲಿ ಸಿಟ್ರಾಲ್, ನೀಲಗಿರಿಯಲ್ಲಿ ಸಿನಿಯೋಲ್ ಮುಖ್ಯವಾದವು. ಬ್ಯಾಕ್ಟೀರಿಯದ ಮೈ ಸುತ್ತ ಕೊಬ್ಬಿನ ಅಣುಗಳಿಂದಾದ ತೆಳುವಾದ ಪೊರೆಯೊಂದಿದೆ. ಕೊಬ್ಬಿಗೂ ಈ ರಾಸಾಯನಿಕಗಳಿಗೂ ಚೆನ್ನಾಗಿ ಹೊಂದುತ್ತದೆ. ಯೂಜಿನಾಲ್, ಥೈಮಾಲ್‌ನಂಥ ಅಣುಗಳು ಆ ಪೊರೆಯೊಳಕ್ಕೆ ನುಸುಳಿ ಅದನ್ನು ಸಡಿಲಗೊಳಿಸುತ್ತವೆ. ಒಳಗಿನ ಪೊಟ್ಯಾಸಿಯಂ ಮೊದಲಾದ ವಸ್ತುಗಳು ಸೋರಿಹೋಗುತ್ತವೆ. ತೂತು ಬಿದ್ದ ಕೊಡದಂತೆ ಜೀವಕೋಶ ಬರಿದಾಗುತ್ತದೆ. ಹಾಗಾಗಿ 'ಕ್ರಿಮಿಗಳನ್ನು ಕೊಲ್ಲುತ್ತದೆ' ಎಂಬ ಮಾತಿಗೆ ಆಧಾರವಂತೂ ಇದೆ. ಎಷ್ಟು ಹಾಕಿದರೆ, ಯಾವ ಕ್ರಿಮಿಯನ್ನು, ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಅಡುಗೆಮನೆಯಿಂದ ಬಂದ ಅಗರ್

ಬ್ಯಾಕ್ಟೀರಿಯವನ್ನು ಪರೀಕ್ಷಿಸಲು ಮೊದಲು ಅದನ್ನು ಬೆಳೆಸಬೇಕು. ಜರ್ಮನಿಯ ರಾಬರ್ಟ್ ಕಾಕ್ ಮೊದಲಿಗೆ ಆಲೂಗಡ್ಡೆಯ ಹೋಳಿನ ಮೇಲೆ, ಆಮೇಲೆ ಜೆಲಟಿನ್ ಮೇಲೆ ಬೆಳೆಸಿ ನೋಡಿದರು. ಜೆಲಟಿನ್ ಬೆಚ್ಚಗಾದರೆ ಕರಗುತ್ತಿತ್ತು. ಕೆಲವು ಬ್ಯಾಕ್ಟೀರಿಯಗಳು ಅದನ್ನೇ ತಿಂದು ನೀರಾಗಿಸುತ್ತಿದ್ದವು. ಕಾಕ್ ಅವರಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರಿಗೆ ಪರಿಹಾರ ಸೂಚಿಸಿದ್ದು ಅವರ ಪತ್ನಿ ಫ್ಯಾನಿ ಹೆಸ್ಸೆ. ಆಕೆ ಅಡುಗೆಮನೆಯಲ್ಲಿ ಜೆಲ್ಲಿ ಗಟ್ಟಿಯಾಗಿ ನಿಲ್ಲಲು ಸಮುದ್ರದ ಪಾಚಿಯಿಂದ ತೆಗೆದ ಅಗರ್ ಬಳಸುತ್ತಿದ್ದರು. ಅಗರ್ ಬಿಸಿಲಿಗೆ ಕರಗುವುದಿಲ್ಲ, ಹೆಚ್ಚಿನ ಬ್ಯಾಕ್ಟೀರಿಯಗಳಿಗೆ ಅದು ಆಹಾರವೂ ಅಲ್ಲ. 1881ರ ಸುಮಾರಿಗೆ ಬಂದ ಈ ಸಲಹೆಯನ್ನು ಇವತ್ತಿಗೂ ಲೋಕದ ಎಲ್ಲ ಸೂಕ್ಷ್ಮಜೀವಿ ಪ್ರಯೋಗಾಲಯಗಳೂ ಅನುಸರಿಸುತ್ತವೆ. 1887ರಲ್ಲಿ ಅದೇ ಪ್ರಯೋಗಾಲಯದ ಜೂಲಿಯಸ್ ಪೆಟ್ರಿ ಮುಚ್ಚಳವಿರುವ ಗಾಜಿನ ಚಪ್ಪಟೆ ತಟ್ಟೆಯನ್ನು ಬಳಕೆಗೆ ತಂದರು. ಪೆಟ್ರಿ ತಟ್ಟೆ ಎಂಬ ಹೆಸರು ನಿಮ್ಮ ಪಠ್ಯಪುಸ್ತಕದಲ್ಲೂ ಬರುತ್ತದೆ.

ಬಿಲ್ಲೆಯ ಪರೀಕ್ಷೆ

ಯಾವ ಔಷಧಿ ಯಾವ ಬ್ಯಾಕ್ಟೀರಿಯವನ್ನು ತಡೆಯುತ್ತದೆಂದು ನೋಡಲು ಈಗ ಆಸ್ಪತ್ರೆಗಳಲ್ಲೂ ಕಾಲೇಜುಗಳಲ್ಲೂ ಬಳಸುವ ಸರಳ ವಿಧಾನ 'ಬಿಲ್ಲೆ ಪರೀಕ್ಷೆ'. ಅಮೆರಿಕದ ಸಿಯಾಟಲ್‌ನಲ್ಲಿ ಬಾವರ್, ಕರ್ಬಿ, ಶೆರಿಸ್ ಮತ್ತು ಟರ್ಕ್ ಎಂಬ ನಾಲ್ವರು 1966ರಲ್ಲಿ ಇದರ ನಿಯಮಗಳನ್ನು ಒಂದು ಕಟ್ಟಿಗೆ ತಂದರು. ಅದಕ್ಕೆ ಮೊದಲು ಒಂದೊಂದು ಪ್ರಯೋಗಾಲಯ ಒಂದೊಂದು ರೀತಿ ಮಾಡುತ್ತಿತ್ತು. ಒಬ್ಬರ ಫಲಿತಾಂಶವನ್ನು ಇನ್ನೊಬ್ಬರ ಫಲಿತಾಂಶದೊಂದಿಗೆ ಹೋಲಿಸಲು ಆಗುತ್ತಿರಲಿಲ್ಲ.

ಕ್ರಮ ಹೀಗಿದೆ. ಪೋಷಕಾಂಶ ಬೆರೆಸಿದ ಅಗರನ್ನು ತಟ್ಟೆಗೆ ಸುರಿದು 4 ಮಿಲಿಮೀಟರ್ ದಪ್ಪಕ್ಕೆ ಗಟ್ಟಿಯಾಗಲು ಬಿಡುತ್ತಾರೆ. ದಪ್ಪ ಹೆಚ್ಚಾದರೆ ಔಷಧಿ ಕೆಳಕ್ಕೂ ಇಳಿದು ಸುತ್ತ ಹರಡುವುದು ಕಡಿಮೆಯಾಗುತ್ತದೆ. ತೆಳುವಾದರೆ ಉಲ್ಟಾ. ನಂತರ ಬ್ಯಾಕ್ಟೀರಿಯಗಳನ್ನು ಲವಣದ ನೀರಿನಲ್ಲಿ ಕದಡುತ್ತಾರೆ. ಎಷ್ಟು ಕದಡಬೇಕು? ಇಲ್ಲಿ ನಿಮ್ಮ ಪ್ರೌಢಶಾಲೆಯ ರಸಾಯನಶಾಸ್ತ್ರ ಕೆಲಸಕ್ಕೆ ಬರುತ್ತದೆ. ಬೇರಿಯಂ ಕ್ಲೋರೈಡಿಗೆ ಸಲ್ಫ್ಯೂರಿಕ್ ಆಮ್ಲ ಸೇರಿಸಿದರೆ ಬೇರಿಯಂ ಸಲ್ಫೇಟಿನ ಬಿಳಿ ಒತ್ತರ ಬರುತ್ತದೆಂದು ಓದಿದ್ದೀರಿ. ಅದನ್ನೇ ಗೊತ್ತಾದ ಅಳತೆಯಲ್ಲಿ ಮಾಡಿ ಒಂದು ಪ್ರನಾಳದಲ್ಲಿ ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. 1907ರಲ್ಲಿ ಇದನ್ನು ಸೂಚಿಸಿದ ಮ್ಯಾಕ್‌ಫಾರ್ಲೆಂಡ್ ಅವರ ಹೆಸರೇ ಈ ಅಳತೆಗೆ ಉಳಿದಿದೆ. ಬ್ಯಾಕ್ಟೀರಿಯದ ದ್ರಾವಣ ಆ ಮಾದರಿಯಷ್ಟೇ ಮಬ್ಬಾದಾಗ ಅದರ ಒಂದು ಮಿಲಿಲೀಟರಿನಲ್ಲಿ ಸುಮಾರು 15 ಕೋಟಿ ಬ್ಯಾಕ್ಟೀರಿಯಗಳಿವೆ ಎಂದು ಲೆಕ್ಕ. ಒಂದೊಂದಾಗಿ ಎಣಿಸಲಾಗದ್ದನ್ನು ಮಬ್ಬಿನಿಂದ ಅಳೆಯುವ ಜಾಣತನ ಇದು.

ಈ ದ್ರಾವಣವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಅಗರಿನ ಮೇಲೆಲ್ಲ ಸವರಿ, ತಟ್ಟೆಯನ್ನು ತಿರುಗಿಸಿ ಮತ್ತೆರಡು ಸಲ ಸವರುತ್ತಾರೆ. ಒಂದಿಷ್ಟೂ ಜಾಗ ಬಿಡಬಾರದು. ಆಮೇಲೆ ಸೋಸುಕಾಗದದಿಂದ ಕತ್ತರಿಸಿದ, 6 ಮಿಲಿಮೀಟರ್ ಅಡ್ಡಗಲದ ಪುಟ್ಟ ಬಿಲ್ಲೆಗಳನ್ನು ಚಿಮುಟದಿಂದ ಎತ್ತಿ ಮೇಲಿಡುತ್ತಾರೆ. ಒಂದು ಬಿಲ್ಲೆಗೆ ಎಣ್ಣೆ. ಇನ್ನೊಂದಕ್ಕೆ ಈಗಾಗಲೇ ಗುಣ ಗೊತ್ತಿರುವ ಆಂಟಿಬಯೋಟಿಕ್. ಮೂರನೆಯದಕ್ಕೆ ಎಣ್ಣೆಯನ್ನು ತೆಳುಮಾಡಲು ಬಳಸಿದ ದ್ರಾವಕ ಮಾತ್ರ. ತಟ್ಟೆಯನ್ನು ಬೋರಲಾಗಿಸಿ 35 ಡಿಗ್ರಿ ಸೆಲ್ಸಿಯಸ್ ಶಾಖದ ಪೆಟ್ಟಿಗೆಯಲ್ಲಿ 16ರಿಂದ 18 ಗಂಟೆ ಇಡುತ್ತಾರೆ. ಮರುದಿನ ತಟ್ಟೆಯ ಮೇಲೆ ಬ್ಯಾಕ್ಟೀರಿಯಗಳು ಹಾಲಿನ ಕೆನೆಯಂತೆ ಹಬ್ಬಿರುತ್ತವೆ. ಔಷಧಿ ತಡೆದ ಕಡೆ ಮಾತ್ರ ಬಿಲ್ಲೆಯ ಸುತ್ತ ತಿಳಿಯಾದ ಒಂದು ಬಳೆ ಕಾಣುತ್ತದೆ. ಸ್ಕೇಲು ಹಿಡಿದು ಅದರ ಅಡ್ಡಗಲ ಅಳೆಯುತ್ತಾರೆ.

ಮೂರನೆಯ ಬಿಲ್ಲೆಯನ್ನು ಮರೆಯಬೇಡಿ. ದ್ರಾವಕದ ಬಿಲ್ಲೆಯ ಸುತ್ತಲೂ ಬಳೆ ಮೂಡಿದರೆ ಎಣ್ಣೆಯ ಬಳೆಯಲ್ಲಿ ದ್ರಾವಕದ ಪಾಲೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಮದ್ಯಸಾರದಲ್ಲಿ ಎಣ್ಣೆ ಕರಗಿಸಿ, ಮದ್ಯಸಾರವೇ ಕೊಂದ ಬ್ಯಾಕ್ಟೀರಿಯದ ಕೀರ್ತಿಯನ್ನು ಎಣ್ಣೆಗೆ ಕೊಡುವುದು ನ್ಯಾಯವಲ್ಲ. ಈ ಬಿಲ್ಲೆಗೆ 'ನಿಯಂತ್ರಣ' ಎಂದು ಹೆಸರು. ನೋಡಲು ಏನೂ ಆಗದ ಈ ಬಿಲ್ಲೆ ಇಲ್ಲದಿದ್ದರೆ ಉಳಿದ ಬಿಲ್ಲೆಗಳ ಮಾತಿಗೆ ಬೆಲೆ ಇಲ್ಲ.

22 ದೊಡ್ಡದೋ, 20 ದೊಡ್ಡದೋ?

ಕೆಲವು ವರ್ಷಗಳ ಹಿಂದೆ ವಿಜ್ಞಾನ ವಸ್ತುಪ್ರದರ್ಶನವೊಂದರಲ್ಲಿ ತೀರ್ಪುಗಾರನಾಗಿ ಕುಳಿತಿದ್ದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಊರಿನ ಕಾಲೇಜಿನ ಉಪನ್ಯಾಸಕರ ಮಾರ್ಗದರ್ಶನದಲ್ಲಿ ಇದೇ ಪ್ರಯೋಗ ಮಾಡಿದ್ದಳು. ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಲವಂಗದ ಎಣ್ಣೆ 22 ಮಿಲಿಮೀಟರ್, ಜೆಂಟಾಮೈಸಿನ್ 20 ಮಿಲಿಮೀಟರ್. ಕೆಳಗೆ ನಿರ್ಣಯ: ಲವಂಗದ ಎಣ್ಣೆ ಆಂಟಿಬಯೋಟಿಕ್‌ಗಿಂತ ಶ್ರೇಷ್ಠ.

"ಒಂದೊಂದು ಬಿಲ್ಲೆಯ ಮೇಲೆ ಎಷ್ಟೆಷ್ಟು ಹಾಕಿದ್ದೆ?" ಎಂದು ಕೇಳಿದೆ. ಹುಡುಗಿ ತನ್ನ ಟಿಪ್ಪಣಿ ಪುಸ್ತಕ ತೆರೆದಳು. ಎಣ್ಣೆ 10 ಮೈಕ್ರೊಲೀಟರ್. ಜೆಂಟಾಮೈಸಿನ್ ಬಿಲ್ಲೆ ಅಂಗಡಿಯಿಂದ ತಂದದ್ದು, ಪೊಟ್ಟಣದ ಮೇಲೆ 10 ಮೈಕ್ರೊಗ್ರಾಂ ಎಂದು ಅಚ್ಚಾಗಿತ್ತು. "ಎರಡೂ ಹತ್ತೇ ಸಾರ್" ಎಂದಳು. "ಒಂದು ಲೀಟರಿನ ಹತ್ತು, ಇನ್ನೊಂದು ಗ್ರಾಮಿನ ಹತ್ತು. ಎಣ್ಣೆಯನ್ನೂ ತೂಕಕ್ಕೆ ತಂದು ನೋಡಮ್ಮ" ಎಂದೆ. ಅಲ್ಲೇ ಲೆಕ್ಕ ಮಾಡಿದಳು. 10 ಮೈಕ್ರೊಲೀಟರ್ ಎಣ್ಣೆ ಸುಮಾರು 10 ಮಿಲಿಗ್ರಾಂ ತೂಗುತ್ತದೆ. 10 ಮಿಲಿಗ್ರಾಂ ಎಂದರೆ 10,000 ಮೈಕ್ರೊಗ್ರಾಂ. ಆಂಟಿಬಯೋಟಿಕ್‌ಗಿಂತ ಸಾವಿರ ಪಟ್ಟು ಎಣ್ಣೆ ಹಾಕಿ ಬಂದದ್ದು ಎರಡೇ ಮಿಲಿಮೀಟರ್ ಹೆಚ್ಚಳ!

ಹುಡುಗಿಯ ಮುಖ ಬಾಡಿತು. "ಹಾಗಾದರೆ ನನ್ನ ಪ್ರಯೋಗ ತಪ್ಪೇ ಸಾರ್?" ಎಂದಳು. ಪ್ರಯೋಗ ಸರಿಯಾಗಿಯೇ ಇತ್ತು. ನಿಯಂತ್ರಣದ ಬಿಲ್ಲೆ ಇಟ್ಟಿದ್ದಳು, ಮೂರು ಮೂರು ಸಲ ಮಾಡಿದ್ದಳು, ಹಾಕಿದ ಪ್ರಮಾಣವನ್ನು ಪ್ರಾಮಾಣಿಕವಾಗಿ ಬರೆದಿಟ್ಟಿದ್ದಳು. ಬರೆದಿಟ್ಟಿದ್ದರಿಂದಲೇ ನಾವು ಲೆಕ್ಕ ಹಾಕಲು ಸಾಧ್ಯವಾಯಿತು. ಕೆಳಗಿನ ಒಂದು ವಾಕ್ಯ ಮಾತ್ರ ತಿದ್ದಬೇಕಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳು ಆ ವಾಕ್ಯದ ಮೇಲೆ ಬಿಳಿ ಕಾಗದ ಅಂಟಿಸಿ ಹೊಸದಾಗಿ ಬರೆದಿದ್ದಳು: "ಈ ಪ್ರಮಾಣದಲ್ಲಿ ಲವಂಗದ ಎಣ್ಣೆ ಈ ಬ್ಯಾಕ್ಟೀರಿಯದ ಬೆಳವಣಿಗೆಯನ್ನು ತಟ್ಟೆಯಲ್ಲಿ ತಡೆಯಿತು." ನಾನು ನೋಡಿದ ಒಳ್ಳೆಯ ನಿರ್ಣಯಗಳಲ್ಲಿ ಅದೂ ಒಂದು.

ನೀರಿಗೆ ಒಗ್ಗದ ಎಣ್ಣೆ

ಬಳೆಯ ಅಗಲವನ್ನು ನಂಬಲು ಇನ್ನೂ ಕೆಲವು ಅಡ್ಡಿಗಳಿವೆ. ಬಿಲ್ಲೆ ಪರೀಕ್ಷೆ ಮೂಲತಃ ನೀರಿನಲ್ಲಿ ಕರಗುವ ಔಷಧಿಗಳಿಗಾಗಿ ರೂಪಿಸಿದ್ದು. ಅಗರಿನಲ್ಲಿ ಬಹುಪಾಲು ನೀರೇ. ಎಣ್ಣೆ ಅದರಲ್ಲಿ ಸರಾಗವಾಗಿ ಹರಿಯುವುದಿಲ್ಲ. ಹೀಗಾಗಿ ತುಂಬ ಪ್ರಬಲವಾದ ಎಣ್ಣೆಯೂ ಬಿಲ್ಲೆಯ ಬುಡದಲ್ಲೇ ಉಳಿದು ಚಿಕ್ಕ ಬಳೆ ತೋರಿಸಬಹುದು. ಸ್ವಲ್ಪ ದುರ್ಬಲವಾದರೂ ಚೆನ್ನಾಗಿ ಹರಡುವ ಎಣ್ಣೆ ದೊಡ್ಡ ಬಳೆ ತೋರಿಸಬಹುದು. ಎರಡು ಎಣ್ಣೆಗಳಲ್ಲಿ ಯಾವುದು ಮೇಲು ಎಂಬುದನ್ನು ಬಳೆಯಿಂದಷ್ಟೇ ಹೇಳಲಾಗದು.

ಎಣ್ಣೆ ಆವಿಯಾಗುವುದು ಇನ್ನೊಂದು ತೊಡಕು. ಹದಿನೆಂಟು ಗಂಟೆ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ ಒಂದಷ್ಟು ಹಾರಿಹೋಗುತ್ತದೆ. ಹಾರಿದ ಆವಿ ಸುಮ್ಮನಿರುವುದಿಲ್ಲ, ಪಕ್ಕದ ಬಿಲ್ಲೆಯ ಬಳಿಯ ಬ್ಯಾಕ್ಟೀರಿಯಗಳನ್ನೂ ತಡೆಯಬಹುದು. ಇದೇ ಗುಣವನ್ನು ಬಳಸಿ ಆವಿಯನ್ನಷ್ಟೇ ಪರೀಕ್ಷಿಸುವ ವಿಧಾನವೂ ಉಂಟು. ಬಿಲ್ಲೆಯನ್ನು ಅಗರಿನ ಮೇಲಿಡದೆ ಮುಚ್ಚಳದ ಒಳಬದಿಗೆ ಇಟ್ಟು ತಟ್ಟೆಯನ್ನು ಬೋರಲು ಹಾಕುತ್ತಾರೆ. ಎಣ್ಣೆ ಬ್ಯಾಕ್ಟೀರಿಯವನ್ನು ಮುಟ್ಟುವುದೇ ಇಲ್ಲ. ಆದರೂ ಬೆಳವಣಿಗೆ ನಿಂತರೆ ಅದು ಆವಿಯ ಕೆಲಸವೇ ಸರಿ.

ಮೂರನೆಯದು ಎಣ್ಣೆಯ ಗುರುತು. 'ತುಳಸಿ ಎಣ್ಣೆ' ಎಂದ ಮಾತ್ರಕ್ಕೆ ಎಲ್ಲ ಸೀಸೆಗಳೂ ಒಂದೇ ಅಲ್ಲ. ತುಳಸಿಯಲ್ಲೇ ಯೂಜಿನಾಲ್ ಹೆಚ್ಚಿರುವ ಗಿಡಗಳೂ ಉಂಟು, ಮೀಥೈಲ್ ಯೂಜಿನಾಲ್ ಹೆಚ್ಚಿರುವ ಗಿಡಗಳೂ ಉಂಟು. ಮಣ್ಣು, ಕೊಯ್ಲಿನ ಕಾಲ, ಒಣಗಿಸಿದ ರೀತಿ ಎಲ್ಲದರಿಂದಲೂ ಎಣ್ಣೆ ಬದಲಾಗುತ್ತದೆ. ಕಲಬೆರಕೆಯ ಮಾತು ಬೇರೆ. ಆದ್ದರಿಂದಲೇ ಒಳ್ಳೆಯ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಮುಂಚೆ ಗ್ಯಾಸ್ ಕ್ರೊಮಟೋಗ್ರಫಿ ಎಂಬ ಯಂತ್ರದಲ್ಲಿ ಎಣ್ಣೆಯನ್ನು ಬಿಡಿಸಿ, ಯಾವ ರಾಸಾಯನಿಕ ಶೇಕಡಾ ಎಷ್ಟಿದೆ ಎಂದು ಬರೆದಿಡುತ್ತಾರೆ. ಆ ವಿವರವಿಲ್ಲದ ಫಲಿತಾಂಶ ಹೆಸರಿಲ್ಲದ ಉತ್ತರಪತ್ರಿಕೆಯಂತೆ.

ಅರ್ಧ, ಕಾಲು, ಅರೆಕಾಲು

ಬಳೆಗಿಂತ ಹೆಚ್ಚು ಭರವಸೆಯ ಅಳತೆ ಇನ್ನೊಂದಿದೆ. ಬೆಳವಣಿಗೆಯನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣವೆಷ್ಟು ಎಂದು ಕಂಡುಹಿಡಿಯುವುದು. ಸಾಲಾಗಿ ಪ್ರನಾಳಗಳಲ್ಲಿ ಬ್ಯಾಕ್ಟೀರಿಯದ ಆಹಾರದ ಸಾರು ತುಂಬುತ್ತಾರೆ. ಮೊದಲನೆಯದರಲ್ಲಿ ಎಣ್ಣೆ ಶೇಕಡಾ 4, ಎರಡನೆಯದರಲ್ಲಿ 2, ಆಮೇಲೆ 1, ಅರ್ಧ, ಕಾಲು, ಅರೆಕಾಲು ಹೀಗೆ ಪ್ರತಿ ಸಲ ಅರ್ಧಕ್ಕಿಳಿಸುತ್ತಾರೆ. ಕೊನೆಯದರಲ್ಲಿ ಎಣ್ಣೆಯೇ ಇಲ್ಲ. ಎಲ್ಲಕ್ಕೂ ಒಂದೇ ಲೆಕ್ಕದ ಬ್ಯಾಕ್ಟೀರಿಯ ಹಾಕಿ ಮರುದಿನ ನೋಡುತ್ತಾರೆ. ಬೆಳವಣಿಗೆ ಕಾಣದ ಪ್ರನಾಳಗಳಲ್ಲಿ ಎಲ್ಲಕ್ಕಿಂತ ಕಡಿಮೆ ಎಣ್ಣೆ ಇರುವುದು ಯಾವುದೋ ಅದೇ ಉತ್ತರ.

ಎಣ್ಣೆ ಸಾರಿನಲ್ಲಿ ಬೆರೆಯಲು ಟ್ವೀನ್ 80 ಎಂಬ ಸಾಬೂನಿನಂಥ ವಸ್ತುವನ್ನೋ ಡೈಮೀಥೈಲ್ ಸಲ್ಫಾಕ್ಸೈಡನ್ನೋ ತುಸು ಸೇರಿಸುತ್ತಾರೆ. ಅಷ್ಟಾದರೂ ಎಣ್ಣೆಯಿಂದಲೇ ಸಾರು ಮಬ್ಬಾಗಿ, ಬ್ಯಾಕ್ಟೀರಿಯ ಬೆಳೆದು ಮಬ್ಬಾಯಿತೋ ಎಣ್ಣೆಯಿಂದ ಮಬ್ಬಾಯಿತೋ ತಿಳಿಯದೆ ಹೋಗುತ್ತದೆ. ಅದಕ್ಕೆ ರೆಸಜುರಿನ್ ಎಂಬ ನೀಲಿ ಬಣ್ಣ ಹಾಕುತ್ತಾರೆ. ಜೀವಂತ ಬ್ಯಾಕ್ಟೀರಿಯಗಳಿದ್ದರೆ ಅವುಗಳ ಉಸಿರಾಟದ ಕ್ರಿಯೆ ಅದನ್ನು ಗುಲಾಬಿಗೆ ತಿರುಗಿಸುತ್ತದೆ. ನೀಲಿ ಉಳಿದರೆ ಬೆಳವಣಿಗೆ ಇಲ್ಲ, ಗುಲಾಬಿಯಾದರೆ ಇದೆ.

ತಡೆಯುವುದೂ ಕೊಲ್ಲುವುದೂ ಒಂದೇ ಅಲ್ಲ. ತೆಪ್ಪಗಿದ್ದ ಪ್ರನಾಳದಿಂದ ಒಂದು ತೊಟ್ಟು ತೆಗೆದು ಎಣ್ಣೆಯಿಲ್ಲದ ಹೊಸ ಅಗರಿನ ಮೇಲೆ ಹಾಕಿದಾಗ ಬ್ಯಾಕ್ಟೀರಿಯ ಮತ್ತೆ ಚಿಗುರಿದರೆ, ಅವು ಸತ್ತಿರಲಿಲ್ಲ, ಸುಮ್ಮನಿದ್ದವು ಎಂದರ್ಥ. 1,000ದಲ್ಲಿ 999 ಸತ್ತರೆ, ಅಂದರೆ ಶೇಕಡಾ 99.9ರಷ್ಟು ನಾಶವಾದರೆ, 'ಕೊಂದಿತು' ಎನ್ನುವುದು ಪ್ರಯೋಗಾಲಯದ ವಾಡಿಕೆ. ಜಾಹೀರಾತಿನಲ್ಲಿ ಈ ಸಂಖ್ಯೆಯನ್ನು ನೀವು ನೋಡಿಯೇ ಇರುತ್ತೀರಿ. ಹತ್ತು ಲಕ್ಷದಲ್ಲಿ 99.9 ಹೋದರೂ 1,000 ಉಳಿಯುತ್ತವೆ. ಅನುಕೂಲವಾದ ವಾತಾವರಣದಲ್ಲಿ ಈ.ಕೋಲಿ ಬ್ಯಾಕ್ಟೀರಿಯ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹತ್ತು ಸಲ ಇಮ್ಮಡಿಯಾದರೆ 1,000 ಮತ್ತೆ ಹತ್ತು ಲಕ್ಷ. ಬೇಕಾದ ಸಮಯ ಮೂರು ಗಂಟೆ 20 ನಿಮಿಷ.

ಎಲ್ಲ ಬ್ಯಾಕ್ಟೀರಿಯಗಳೂ ಒಂದೇ ಸಮ ಬಗ್ಗುವುದಿಲ್ಲ. 1884ರಲ್ಲಿ ಡೆನ್ಮಾರ್ಕಿನ ಗ್ರಾಮ್ ಎಂಬ ವೈದ್ಯರು ಬಣ್ಣ ಹಾಕಿ ಬ್ಯಾಕ್ಟೀರಿಯಗಳನ್ನು ಎರಡು ಗುಂಪು ಮಾಡಿದರು. ಗ್ರಾಮ್ ಋಣ ಎಂಬ ಗುಂಪಿನವಕ್ಕೆ ಹೊರಗೆ ಇನ್ನೊಂದು ಪೊರೆಯ ಕೋಟೆ ಇದೆ. ಎಣ್ಣೆಯ ಅಣುಗಳಿಗೆ ಅದನ್ನು ದಾಟುವುದು ಕಷ್ಟ. ಆ ಗುಂಪಿನ ಸ್ಯೂಡೊಮೊನಾಸ್ ಎಂಬುದು ಸುಟ್ಟ ಗಾಯಗಳಿಗೆ ಸೋಂಕು ತರುವ ಹಟಮಾರಿ. ಹೆಚ್ಚಿನ ಸುಗಂಧ ತೈಲಗಳಿಗೆ ಅದು ಸೊಪ್ಪು ಹಾಕುವುದಿಲ್ಲ. 'ಬ್ಯಾಕ್ಟೀರಿಯ ಕೊಲ್ಲುತ್ತದೆ' ಎಂದವರನ್ನು ಯಾವ ಬ್ಯಾಕ್ಟೀರಿಯ ಎಂದು ಕೇಳಬೇಕಾದ್ದು ಇದಕ್ಕೇ.

ತಟ್ಟೆಯಿಂದ ದೇಹಕ್ಕೆ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಆಸ್ಟ್ರೇಲಿಯದ ಟೀ ಟ್ರೀ ಎಂಬ ಗಿಡದ ಎಣ್ಣೆಯನ್ನು ವಿಜ್ಞಾನಿಗಳು ಕೂಲಂಕಷವಾಗಿ ಪರೀಕ್ಷಿಸಿದ್ದಾರೆ. ಈ.ಕೋಲಿಯನ್ನು ತಡೆಯಲು ಅದು ಸಾರಿನಲ್ಲಿ ಸುಮಾರು ಶೇಕಡಾ ಕಾಲು ಭಾಗದಷ್ಟು ಬೇಕು. ನೀಲಗಿರಿ ಎಣ್ಣೆ ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ದುರ್ಬಲ. ಆದರೂ ಧಾರಾಳವಾಗಿ ಕಾಲು ಭಾಗವೇ ಸಾಕೆಂದು ಇಟ್ಟುಕೊಳ್ಳೋಣ. 20 ಕಿಲೋ ತೂಕದ ಮಗುವಿನ ಮೈಯಲ್ಲಿ ಸುಮಾರು ಒಂದೂವರೆ ಲೀಟರ್ ರಕ್ತವಿದೆ. ಅದರ ಶೇಕಡಾ ಕಾಲು ಭಾಗವೆಂದರೆ ಸುಮಾರು 4 ಮಿಲಿಲೀಟರ್. ಅಷ್ಟೂ ಎಣ್ಣೆ ರಕ್ತದಲ್ಲೇ ನಿಲ್ಲಬೇಕು. ನಿಲ್ಲುವುದಿಲ್ಲ. ಮಾಂಸ, ಕೊಬ್ಬು, ಮಿದುಳು ಎಲ್ಲ ಕಡೆಗೂ ಹಂಚಿಹೋಗುತ್ತದೆ. ಯಕೃತ್ತು ಅದನ್ನು ಒಡೆಯುತ್ತಲೂ ಇರುತ್ತದೆ. ಹಾಗಾಗಿ ಇದರ ಹಲವು ಪಟ್ಟು ಕುಡಿಸಬೇಕಾಗುತ್ತದೆ.

ಇನ್ನೊಂದು ಕಡೆಯ ಲೆಕ್ಕ ನೋಡಿ. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ನೀಲಗಿರಿ ಎಣ್ಣೆ ನುಂಗಿದರೆ ಸಾಕು, ಮಗುವಿಗೆ ಮಂಪರು ಕವಿದು, ಫಿಟ್ಸ್ ಬಂದು, ಪ್ರಾಣಕ್ಕೇ ಅಪಾಯವಾಗಬಹುದು. ಅದಕ್ಕಿಂತ ಕಡಿಮೆ ನುಂಗಿ ಎಚ್ಚರ ತಪ್ಪಿದ ಮಕ್ಕಳೂ ಇದ್ದಾರೆ. ಬ್ಯಾಕ್ಟೀರಿಯ ಸಾಯುವ ಮೊದಲೇ ಮಗು ವಿಷಕ್ಕೆ ಈಡಾಗುತ್ತದೆ. ಬ್ಯಾಕ್ಟೀರಿಯದ ಪೊರೆಯನ್ನು ಸಡಿಲಿಸುವ ಅಣುವಿಗೆ ನಮ್ಮ ಜೀವಕೋಶದ ಪೊರೆ ಯಾವುದೆಂದು ಗುರುತಿಸುವ ಶಕ್ತಿ ಇಲ್ಲ. ಆಂಟಿಬಯೋಟಿಕ್‌ಗಳ ಹೆಚ್ಚುಗಾರಿಕೆ ಇರುವುದು ಇಲ್ಲೇ. ಪೆನಿಸಿಲಿನ್ ಹೊಡೆಯುವುದು ಬ್ಯಾಕ್ಟೀರಿಯದ ಗೋಡೆಗೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲ. ಕೆಲವೇ ಮೈಕ್ರೊಗ್ರಾಂ ಪ್ರಮಾಣದಲ್ಲಿ ಅದು ಕೆಲಸ ಮುಗಿಸುತ್ತದೆ. ತಟ್ಟೆಯ ಮೇಲಿನ ಬ್ಯಾಕ್ಟೀರಿಯವನ್ನು ಸೀಮೆಎಣ್ಣೆಯೂ ಕೊಂದೀತು, ಬ್ಲೀಚಿಂಗ್ ಪುಡಿಯೂ ಕೊಲ್ಲುತ್ತದೆ. ಅವನ್ನು ಯಾರೂ ಮಗುವಿಗೆ ಕೊಡುವುದಿಲ್ಲ.

ಹಾಗೆಂದು ಸುಗಂಧ ತೈಲಗಳು ನಿಷ್ಪ್ರಯೋಜಕ ಎಂದು ತಿಳಿಯಬೇಡಿ. ದೇಹದ ಒಳಗಲ್ಲ, ಮೇಲ್ಮೈಯಲ್ಲಿ ಅವಕ್ಕೆ ಕೆಲಸವಿದೆ. ಯೂಜಿನಾಲ್ ಮತ್ತು ಸತುವಿನ ಆಕ್ಸೈಡ್ ಕಲಸಿದ ಲೇಪವನ್ನು ದಂತವೈದ್ಯರು ತಾತ್ಕಾಲಿಕವಾಗಿ ಹಲ್ಲು ತುಂಬಲು ಬಳಸುತ್ತಾರೆ. ಬಾಯಿ ಮುಕ್ಕಳಿಸುವ ಕೆಲವು ದ್ರಾವಣಗಳಲ್ಲಿ ಥೈಮಾಲ್, ಸಿನಿಯೋಲ್ ಇವೆ. 1990ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ ಮೊಡವೆ ಇದ್ದ 124 ಜನರ ಮೇಲೆ ಶೇಕಡಾ 5ರ ಟೀ ಟ್ರೀ ಎಣ್ಣೆಯನ್ನೂ ಬಳಕೆಯಲ್ಲಿದ್ದ ಔಷಧಿಯಾದ ಬೆಂಜಾಯ್ಲ್ ಪೆರಾಕ್ಸೈಡನ್ನೂ ಹೋಲಿಸಿ ನೋಡಿದರು. ಎರಡರಿಂದಲೂ ಗುಣ ಕಂಡಿತು. ಎಣ್ಣೆ ನಿಧಾನ, ಆದರೆ ಉರಿ, ತುರಿಕೆ ಕಡಿಮೆ. ತಟ್ಟೆಯಲ್ಲಿ ಕಂಡ ಗುಣವನ್ನು ಮನುಷ್ಯರಲ್ಲಿ ಪರೀಕ್ಷಿಸುವ ಸರಿಯಾದ ಹೆಜ್ಜೆ ಇದು. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ವಿಜ್ಞಾನಿಗಳು ಈ ಎಣ್ಣೆಗಳನ್ನು ಬಿಡದೆ ಶೋಧಿಸುತ್ತಿರುವುದೂ ಸರಿಯೇ.

ಹಲ್ಲುನೋವಿನ ಲವಂಗದ ಎಣ್ಣೆಯ ಬಗ್ಗೆ ಒಂದು ಮಾತು. ಅದು ನರವನ್ನು ಮರಗಟ್ಟಿಸುವುದರಿಂದ ನೋವು ಇಳಿಯುತ್ತದೆ. ಹುಳುಕು ಅಲ್ಲೇ ಇರುತ್ತದೆ. ನೋವು ಹೋಯಿತೆಂದು ದಂತವೈದ್ಯರ ಬಳಿ ಹೋಗುವುದನ್ನು ಮುಂದೂಡಬಾರದು. ನೀಲಗಿರಿ, ಕರ್ಪೂರ, ಲವಂಗದ ಎಣ್ಣೆಗಳ ಸೀಸೆಗಳು ಮಕ್ಕಳ ಕೈಗೆ ಎಟುಕದಿರಲಿ. ಹಸುಳೆಯ ಮೂಗಿಗೆ ಇವನ್ನು ಸವರಲೇಬಾರದು. ಅಕಸ್ಮಾತ್ ಮಗು ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸಿ.

ಮಾಡಿ ನೋಡಿ

ವಿದ್ಯಾರ್ಥಿಗಳೇ, ಬ್ಯಾಕ್ಟೀರಿಯ ಬೆಳೆಸುವ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ. ಕೈಯಿಂದಲೋ ಚರಂಡಿಯಿಂದಲೋ ತೆಗೆದು ಬೆಳೆಸಿದ ತಟ್ಟೆಯಲ್ಲಿ ರೋಗ ತರುವ ಜಾತಿಗಳು ಕೋಟಿಗಟ್ಟಲೆ ಹೆಚ್ಚಿರಬಹುದು. ಕಾಲೇಜಿನ ಪ್ರಯೋಗಾಲಯದಲ್ಲಿ ತಿಳಿದವರ ಕಣ್ಣೆದುರು, ಕೊನೆಯಲ್ಲಿ ತಟ್ಟೆಗಳನ್ನು ಒತ್ತಡದ ಹಬೆಯಲ್ಲಿ ಬೇಯಿಸಿ ನಾಶಮಾಡುವ ಏರ್ಪಾಡು ಇರುವಲ್ಲಿ ಮಾತ್ರ ಅದು ಸರಿ. ಮನೆಯಲ್ಲಿ ಬ್ರೆಡ್ಡಿನ ಯೀಸ್ಟ್ ಸಾಕು. ಅದೂ ಒಂದು ಸೂಕ್ಷ್ಮಜೀವಿಯೇ.

ಮೈದಾ, ಸ್ವಲ್ಪ ಸಕ್ಕರೆ, ಯೀಸ್ಟ್ ಮತ್ತು ಉಗುರುಬೆಚ್ಚಗಿನ ನೀರು ಹಾಕಿ ಸಡಿಲವಾಗಿ ಕಲಸಿ. ಹಿಟ್ಟನ್ನು ಸಮನಾಗಿ ನಾಲ್ಕು ಭಾಗ ಮಾಡಿ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ನಾಲ್ಕು ತೊಟ್ಟು ಅಡುಗೆ ಎಣ್ಣೆ. ಮೂರನೆಯದಕ್ಕೆ ಎರಡು ತೊಟ್ಟು ಅಡುಗೆ ಎಣ್ಣೆ, ಎರಡು ತೊಟ್ಟು ಲವಂಗದ ಎಣ್ಣೆ. ನಾಲ್ಕನೆಯದಕ್ಕೆ ನಾಲ್ಕು ತೊಟ್ಟು ಲವಂಗದ ಎಣ್ಣೆ. ದೊಡ್ಡವರ ಎದುರಲ್ಲಿ ಚಮಚದಿಂದ ಚೆನ್ನಾಗಿ ಕಲಸಿ, ಒಂದೇ ಅಳತೆಯ ಗಾಜಿನ ಲೋಟಗಳಿಗೆ ಹಾಕಿ, ಹೊರಗೆ ಹಿಟ್ಟಿನ ಮಟ್ಟಕ್ಕೆ ಗೆರೆ ಎಳೆಯಿರಿ. ಲೋಟಗಳನ್ನು ಬೇರೆ ಬೇರೆಯಾಗಿ ಮುಚ್ಚಿಡಿ. ಅರ್ಧ ಗಂಟೆಗೊಮ್ಮೆ ಎರಡು ಗಂಟೆಯವರೆಗೆ ಹಿಟ್ಟು ಎಷ್ಟು ಉಬ್ಬಿತೆಂದು ಸ್ಕೇಲಿನಿಂದ ಅಳೆದು ಬರೆಯಿರಿ. ಬೇರೆ ದಿನಗಳಲ್ಲಿ ಇನ್ನೂ ಎರಡು ಸಲ ಮಾಡಿ. ಪ್ರಯೋಗದ ಹಿಟ್ಟನ್ನು ತಿನ್ನಬೇಡಿ.

ಏನಾಗುತ್ತದೆಂದು ನಾನು ಹೇಳುವುದಿಲ್ಲ. ಎರಡನೆಯ ಲೋಟ ಯಾಕೆ ಬೇಕೆಂದು ಮಾತ್ರ ನೀವೇ ಯೋಚಿಸಿ, ಮನೆಯವರಿಗೆ ವಿವರಿಸಿ. ಅದನ್ನು ವಿವರಿಸಬಲ್ಲ ವಿದ್ಯಾರ್ಥಿಗೆ ಮೇಲಿನ ಅರ್ಧ ಲೇಖನ ಅರ್ಥವಾಗಿದೆ ಎಂದು ತಿಳಿಯುತ್ತೇನೆ.

ಇನ್ನು ಪೋಷಕರಿಗೆ. ಮುಂದೆ ಎಲ್ಲಾದರೂ "ಪ್ರಯೋಗಾಲಯದಲ್ಲಿ ಸಾಬೀತಾಗಿದೆ" ಎಂದು ಓದಿದಾಗ ಐದು ಪ್ರಶ್ನೆ ಕೇಳಿ. ಯಾವ ಕ್ರಿಮಿಯ ಮೇಲೆ? ಎಷ್ಟು ಪ್ರಮಾಣದಲ್ಲಿ? ಯಾವುದರ ಜೊತೆ ಹೋಲಿಸಿ? ಎಷ್ಟು ಸಲ ಮಾಡಿ? ತಟ್ಟೆಯಲ್ಲೋ, ಮನುಷ್ಯರಲ್ಲೋ? ಐದಕ್ಕೂ ಉತ್ತರ ಸಿಗುವವರೆಗೆ ವೈದ್ಯರು ಬರೆದುಕೊಟ್ಟ ಔಷಧಿಯನ್ನು, ಅವರು ಹೇಳಿದಷ್ಟು ದಿನ, ತಪ್ಪದೆ ಕೊಡಿ. ನೀಲಗಿರಿ ಎಣ್ಣೆಯ ಸೀಸೆ ಮೇಲಿನ ಗೂಡಿನಲ್ಲೇ ಇರಲಿ.